ಮೂರು ತೊರೆ ಕೂಡುವ ಜಾಗ

ನಕ್ಷೆ ನೆಟ್ಟಗೆ ಮಲಗಲು ಒಪ್ಪಲಿಲ್ಲ. ವರ್ಷಗಟ್ಟಲೆ ತಗಡಿನ ಕೊಳವೆಯೊಳಗೆ ಸುರುಳಿ ಸುತ್ತಿಕೊಂಡಿದ್ದ ಕಾಗದಕ್ಕೆ ಅದೇ ಅಭ್ಯಾಸವಾಗಿಬಿಟ್ಟಿತ್ತು. ಈ ತುದಿ ಬಿಡಿಸಿದರೆ ಆ ತುದಿ ಸುತ್ತಿಕೊಂಡು ಬರುತ್ತಿತ್ತು. ಅಳಿಯ ಅಡುಗೆಮನೆಯಿಂದ ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿ ತಂದು ಎರಡು ಮೂಲೆಗೆ ಇಟ್ಟ. ಮೂರನೆಯದಕ್ಕೆ ತನ್ನ ಕೆಲಸದ ಚೀಲದಿಂದ ಸ್ಪ್ಯಾನರ್ ತೆಗೆದಾಗ ಮಾವ ಕೈ ಅಡ್ಡ ಹಿಡಿದರು.

"ಅದರಲ್ಲಿ ಗ್ರೀಸ್ ಇರುತ್ತೆ."

"ಒರೆಸಿದ್ದೀನಿ ಮಾವ."

"ಒರೆಸಿದ್ರೂ ಇರುತ್ತೆ," ಎಂದು ಅವರು ತಮ್ಮ ಕನ್ನಡಕದ ಡಬ್ಬಿಯನ್ನು ಅಲ್ಲಿಟ್ಟರು. ನಾಲ್ಕನೆಯ ಮೂಲೆಯನ್ನು ಅಂಗೈಯಿಂದಲೇ ಒತ್ತಿ ಹಿಡಿದುಕೊಂಡರು. 

ಮಗಳು ತೀರಿಹೋದ ಮೇಲೆ ಅವರು ಈ ಮನೆಗೆ ಬಂದದ್ದು ಇದೇ ಮೊದಲು. ಬರುತ್ತೇನೆಂದು ಫೋನು ಕೂಡ ಮಾಡಿರಲಿಲ್ಲ. ಬಾಗಿಲು ತೆರೆದರೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೊಳವೆಯನ್ನು ಬಂದೂಕಿನ ಹಾಗೆ ಹೆಗಲಿಗೇರಿಸಿಕೊಂಡು ಏದುಸಿರು ಬಿಡುತ್ತ ನಿಂತಿದ್ದರು. "ನಿಮ್ಮ ಕಟ್ಟಡದಲ್ಲಿ ಲಿಫ್ಟು ಕೆಟ್ಟಿದೆ" ಎಂಬುದು ಅವರ ಮೊದಲ ಮಾತು. ಅಳಿಯ ಲಿಫ್ಟು ರಿಪೇರಿಯವನು. ಪೇಟೆಯ ಅರ್ಧ ಲಿಫ್ಟುಗಳು ಅವನ ಕೈಗುಣದಿಂದಲೇ ಏರಿಳಿಯುತ್ತವೆ; ತಾನು ಬಾಡಿಗೆಗಿರುವ ಕಟ್ಟಡದ್ದನ್ನು ಮುಟ್ಟುವ ಅಧಿಕಾರ ಮಾತ್ರ ಅವನಿಗಿಲ್ಲ, ಅದು ಬೇರೆ ಕಂಪನಿಯದು. ಇದನ್ನು ಅವನು ಮಾವನಿಗೆ ಎಷ್ಟೋ ಸಲ ಬಿಡಿಸಿ ಹೇಳಿದ್ದ. ಈ ಸಲ ಹೇಳಲು ಹೋಗಲಿಲ್ಲ. ಕುಡಿಯಲು ನೀರು ಕೊಟ್ಟ.

ಆ ನಕ್ಷೆಯ ಕಥೆ ಅವನು ನೂರು ಸಲ ಕೇಳಿದ್ದ. ನಕ್ಷೆಯನ್ನು ನೋಡಿದ್ದು ಈಗಲೇ. ಹಳದಿಗೆ ತಿರುಗಿದ ದಪ್ಪ ಕಾಗದ, ಹಿಂಬದಿಗೆ ಬಟ್ಟೆ ಅಂಟಿಸಿದ್ದರು. ಅದರ ತುಂಬ ಕಂದು ಬಣ್ಣದ ಗೆರೆಗಳು, ಮರದ ಅಡ್ಡ ಕೊಯ್ತದಲ್ಲಿ ಕಾಣುವ ಬಳೆಗಳ ಹಾಗೆ ಒಂದರೊಳಗೊಂದು. ಅವುಗಳ ನಡುವೆ ಎಲ್ಲೆಲ್ಲೂ ನೀಲಿ ಎಳೆಗಳು, ಮುದುಕರ ಮುಂಗೈ ಮೇಲಿನ ನರಗಳಂತೆ. ರಸ್ತೆಯಿಲ್ಲ, ಊರಿಲ್ಲ. ಎತ್ತರದ ಬಯಲು, ಅದನ್ನು ಕೊರೆದುಕೊಂಡು ಹರಿಯುವ ತೊರೆಗಳು, ಅಷ್ಟೇ. ಕೆಳಗಿನ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಸರ್ವೆ ತಂಡದ ಮುಖ್ಯಸ್ಥನ ಹೆಸರು ಅಚ್ಚಾಗಿತ್ತು. ಮಾವನ ಹೆಸರಿರಲಿಲ್ಲ. ಅಳೆದವರು ಅವರು, ಹೆಸರು ಕಚೇರಿಯಲ್ಲಿ ಕೂತವರದು. ಈ ನೋವನ್ನೂ ಅವರು ನೂರು ಸಲ ಹೇಳಿಕೊಂಡಿದ್ದರು.

ಮೂರು ನೀಲಿ ಎಳೆಗಳು ಒಂದಾಗುವಲ್ಲಿ ಪೆನ್ಸಿಲಿನ ಪುಟ್ಟ ತ್ರಿಕೋನವಿತ್ತು. ಅದರ ಪಕ್ಕದಲ್ಲೇ ಕಂದು ಬಣ್ಣದ ಕಲೆ. ಯಾರೋ ಚಹಾ ಚೆಲ್ಲಿರಬೇಕು ಎಂದುಕೊಂಡ ಅಳಿಯ.

"ಇಲ್ಲೇ ನಮ್ಮ ಡೇರೆ," ಎಂದು ಮಾವ ತ್ರಿಕೋನದ ಮೇಲೆ ಬೆರಳಿಟ್ಟರು. "ಇಲ್ಲಿಗೆ ಹೋಗಬೇಕು ಅಂತ ಅವಳಿಗೆ ಎಷ್ಟಿತ್ತು. ನಾನು ಕರೆದಾಗೆಲ್ಲ, ಮುಂದಿನ ವರ್ಷ ಹೋಗೋಣಪ್ಪ ಅನ್ನೋಳು. ಆ ಮುಂದಿನ ವರ್ಷ ಬರಲೇ ಇಲ್ಲ."

ಅಳಿಯ ಜಾರುತ್ತಿದ್ದ ಸಕ್ಕರೆ ಡಬ್ಬಿಯನ್ನು ಮತ್ತೆ ಮೂಲೆಗೆ ಸರಿಸಿದ.

"ನನ್ನ ಮಂಡಿ ಕೈಕೊಟ್ಟಿದೆ. ಒಬ್ಬನೇ ಹತ್ತೋಕಾಗಲ್ಲ. ಬೇರೆ ಯಾರನ್ನಾದ್ರೂ ಕರ್ಕೊಂಡು ಹೋಗೋಕೆ ಮನಸ್ಸು ಬರಲ್ಲ. ನೀವು ಬರ್ತೀರಾ?"

ಮದುವೆಯಾದಂದಿನಿಂದ ಮಾವ ಅವನನ್ನು 'ನೀವು' ಬಿಟ್ಟು ಬೇರೆ ಕರೆದವರಲ್ಲ. ನೋಡುವವರಿಗೆ ಅದು ಮರ್ಯಾದೆಯಂತೆ ಕಾಣುತ್ತಿತ್ತು; ಅದು ಬೇಲಿ ಎಂದು ಗಂಡಹೆಂಡತಿಗೆ ಮಾತ್ರ ಗೊತ್ತಿತ್ತು. "ಅಪ್ಪ ನಿನ್ನನ್ನ ನೀನು ಅಂದ ದಿನ ಈ ಕಟ್ಟಡಕ್ಕೆಲ್ಲ ಸಿಹಿ ಹಂಚ್ತೀನಿ" ಎಂದು ಅವಳು ನಗುತ್ತಿದ್ದಳು. ಬೆಟ್ಟ ಅಳೆದವರ ಮಗಳು, ಕತ್ತಲ ಗೂಡಿನೊಳಗೆ ತಂತಿ ಹಗ್ಗಕ್ಕೆ ಎಣ್ಣೆ ಬಿಡುವವನನ್ನು ಮೆಚ್ಚಿ ಬಂದದ್ದು ಅವರ ಗಂಟಲಲ್ಲಿ ಇಳಿದೇ ಇರಲಿಲ್ಲ.

ಅಷ್ಟಾದರೆ ಅಳಿಯ ನಕ್ಕು ಮರೆಯುತ್ತಿದ್ದ. ಅವಳ ಅಂತ್ಯಕ್ರಿಯೆಯ ದಿನ, ಬಂದವರೆಲ್ಲ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾಗ, ಮಾವ ಯಾರಿಗೋ ಹೇಳುತ್ತಿದ್ದುದು ಅವನ ಕಿವಿಗೆ ಬಿದ್ದಿತ್ತು. "ಆರು ತಿಂಗಳು ಮುಂಚೆ ಡಾಕ್ಟರಿಗೆ ತೋರಿಸಿದ್ರೆ ಉಳೀತಿದ್ದಳು. ನೋಡ್ಕೊಳ್ಳೋರಿಗೆ ಗಮನ ಇರಲಿಲ್ಲ." ಹೊಟ್ಟೆನೋವನ್ನು ಅವಳು ಮುಚ್ಚಿಟ್ಟಿದ್ದಳು. ಮಾತ್ರೆ ನುಂಗಿ, ಅಸಿಡಿಟಿ ಎಂದು ಹೇಳಿ ಆಫೀಸಿಗೆ ಹೋಗುತ್ತಿದ್ದಳು. ಅವನು ನಂಬಿದ್ದ. ನಂಬಿದ್ದೇ ತಪ್ಪೋ ಏನೋ ಎಂದು ಅವನೇ ದಿನಾ ಬೇಯುತ್ತಿದ್ದವನು. ಅಂಥವನಿಗೆ ಆ ಮಾತು ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು, ನುಂಗಲಾರ, ಉಗುಳಲಾರ.

ಅದಕ್ಕೆ ಸಮನಾದ ಇನ್ನೊಂದು ಮಾತೂ ಅವನ ಬಳಿ ಇತ್ತು. ಅದು ಅವಳೇ ಕೊಟ್ಟು ಹೋದದ್ದು.

ಆಸ್ಪತ್ರೆಯಲ್ಲಿ ಕೊನೆಕೊನೆಗೆ ಅವಳು ಜ್ವರದ ಮಂಪರಿನಲ್ಲಿ ಡ್ರಿಪ್ಪಿನ ಸೂಜಿ ಕಿತ್ತು ಹಾಕುತ್ತಿದ್ದಳು. ಒಂದು ಮಧ್ಯಾಹ್ನ ಅವನು ಊಟ ಮುಗಿಸಿ ಬರುವಷ್ಟರಲ್ಲಿ ನರ್ಸುಗಳು ಅವಳ ಮಣಿಕಟ್ಟನ್ನು ಬ್ಯಾಂಡೇಜು ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದ್ದರು. ಎಚ್ಚರವಾದಾಗ ಅವಳು ಅದನ್ನು ನೋಡಿ ತುಸು ನಕ್ಕಳು.

"ಮತ್ತೆ ಕಟ್ಟಿ ಹಾಕಿದ್ರಾ?"

"ಮತ್ತೆ ಅಂದ್ರೆ?"

ಅವಳು ಛಾವಣಿಯತ್ತ ಕಣ್ಣು ಹೊರಳಿಸಿದಳು. ಆಮೇಲೆ ತಡೆತಡೆದು ಹೇಳಿದಳು. ಅಮ್ಮ ಸತ್ತ ವರ್ಷ ಅದು. ಬಿಟ್ಟು ಹೋಗಲು ಯಾರೂ ಇಲ್ಲದೆ ಅಪ್ಪ ಏಳು ವರ್ಷದವಳನ್ನು ಬೆಟ್ಟಕ್ಕೇ ಕರೆದುಕೊಂಡು ಹೋಗಿದ್ದರು, ಇಡೀ ಬೇಸಿಗೆ. "ಬೆಳಗ್ಗೆ ಮೇಲೆ ಹತ್ತೋ ಮುಂಚೆ ನನ್ನ ಸೊಂಟಕ್ಕೆ ಹಗ್ಗ ಕಟ್ಟೋರು. ಇನ್ನೊಂದು ತುದಿ ಬಂಡೆ ಮೇಲಿನ ಗೂಟಕ್ಕೆ. ಪಕ್ಕದಲ್ಲಿ ಬ್ರೆಡ್ಡು, ನೀರಿನ ಬಾಟ್ಲಿ. ಆಳುಗಳೆಲ್ಲ ಸಾಮಾನು ಹೊತ್ಕೊಂಡು ಅವರ ಹಿಂದೇನೇ ಹೋಗೋರು. ಸಂಜೆ ತನಕ ನಾನೊಬ್ಬಳೇ. ಗಂಟು ಬಿಚ್ಚೋಕೆ ಹೋಗಿ ಉಗುರು ಕಿತ್ತು ಬಂದಿತ್ತು. ಎದುರಿಗೇ ನೀರು ಹರೀತಿರ್ತಿತ್ತು, ಕೈ ಹಾಕೋಣ ಅಂದ್ರೆ ಎಟುಕ್ತಿರಲಿಲ್ಲ."

"ಒಂದಿನಾನೂ ಅಳಲಿಲ್ಲ ನನ್ನ ಪುಟ್ಟಿ ಅಂತಾರಲ್ಲ ನಿಮ್ಮಪ್ಪ."

"ಅವರು ಬರೋ ಹೊತ್ತಿಗೆ ಅತ್ತು ಮುಗಿದಿರ್ತಿತ್ತು." ಅವಳು ತುಟಿ ಒದ್ದೆ ಮಾಡಿಕೊಂಡಳು. "ಸಂಜೆ ಇಳಿದು ಬರ್ತಾ ಮೇಲಿಂದ ಒಂದು ಕೂಗು ಹಾಕೋರು. ಅದು ಕೇಳಿಸಿದ್ರೆ ಸಾಕು, ಹಸಿವು ಗಿಸಿವು ಎಲ್ಲ ಮರೆತು ಹೋಗೋದು. ಆದ್ರೆ ದಿನಾ ಅನ್ನಿಸ್ತಿತ್ತು, ಇವತ್ತು ಕೂಗು ಬರಲ್ಲ ಅಂತ."

ಇಷ್ಟು ಹೇಳಿ ನಿದ್ದೆ ಹೋದಳು. ಅಪ್ಪನಿಗೆ ಹೇಳು ಎನ್ನಲಿಲ್ಲ, ಹೇಳಬೇಡ ಎನ್ನಲೂ ಇಲ್ಲ. ಎಚ್ಚರವಾದ ಮೇಲೆ ಮತ್ತೆ ಆ ಮಾತೆತ್ತಲಿಲ್ಲ. 'ಮುಂದಿನ ವರ್ಷ ಹೋಗೋಣಪ್ಪ' ಎಂದು ಅವಳು ಯಾಕೆ ಮುಂದೂಡುತ್ತಿದ್ದಳು ಎಂಬುದು ಆವತ್ತು ಅವನಿಗೆ ಅರ್ಥವಾಯಿತು.

ಈಗ ಮಾವ ಅದೇ ಜಾಗಕ್ಕೆ ಬಾ ಎಂದು ಕರೆಯುತ್ತಿದ್ದರು. ಒಲ್ಲೆ ಎನ್ನಲು ಕಾರಣ ಹುಡುಕಬೇಕಾಗಿರಲಿಲ್ಲ. ಆದರೆ ಇದನ್ನು ಹೇಳಲು ಅದಕ್ಕಿಂತ ಸರಿಯಾದ ಜಾಗ ಇನ್ನೆಲ್ಲಿ ಸಿಕ್ಕೀತು ಎಂದು ಅವನಿಗೆ ತೋರಿತು. ಅಲ್ಲೇ ನಿಂತು, ಅದೇ ಬಂಡೆಯ ಮೇಲೆ, ನೋಡಿಕೊಳ್ಳಲು ಬಾರದವರು ಯಾರು ಎಂದು ಕೇಳಬೇಕು. ಅವನು ನಕ್ಷೆಯಿಂದ ಕಣ್ಣೆತ್ತದೆ, "ರಜೆ ಹಾಕ್ತೀನಿ, ಹೋಗೋಣ" ಎಂದ.

ಬಸ್ಸಿನಲ್ಲಿ ಮಾವ ಕಿಟಕಿಯ ಪಕ್ಕ ಕೂತರು. ದಾರಿಯುದ್ದಕ್ಕೂ ಹಳೆಯ ಪುರಾಣವೇ. ಪುಟ್ಟಿ ಫ್ರಾಕಿನ ಅಂಚಿನಲ್ಲಿ ಮೀನುಮರಿ ಹಿಡಿದದ್ದು. ಆಳುಗಳು ಅವಳಿಗೆ ಸಣ್ಣ ದೊಣ್ಣೆ ಕೆತ್ತಿ ಕೊಟ್ಟು 'ಚಿಕ್ಕ ಸಾಹೇಬರು' ಎನ್ನುತ್ತಿದ್ದದ್ದು. "ಎಂಥಾ ಧೈರ್ಯ ಅಂತೀರಿ ಆ ಮಗುವಿಗೆ. ಒಂದಿನಾನೂ ಅಳಲಿಲ್ಲ." ಅಳಿಯ ಹೂಂಗುಟ್ಟುತ್ತ ಮುಂದಿನ ಸೀಟಿನ ಹಿಂಬದಿಯ ತೂತನ್ನು ನೋಡುತ್ತಿದ್ದ. ತಾನು ಅದುಮಿಟ್ಟುಕೊಂಡಿದ್ದ ಮಾತು ಒಂದೊಂದು ತಿರುವಿಗೂ ಮೇಲೆ ಬಂದಂತಾಗುತ್ತಿತ್ತು. ಹಸಿವಿರಲಿಲ್ಲ. ಮಾವ ಮಾತ್ರ ಪೊಟ್ಟಣ ಬಿಚ್ಚಿ, ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿದು, ಯಾವುದೋ ಯೋಚನೆಯಲ್ಲಿ ಒಂದನ್ನು ಅವನ ಕಡೆ ಚಾಚಿದರು.

ಬಸ್ಸು ಇಳಿದ ಮೇಲೆ ಜೀಪು. ಜೀಪಿನ ದಾರಿ ಮುಗಿದಲ್ಲಿ ಒಂದು ತಂಗುಮನೆ. ಅದನ್ನು ನೋಡಿಕೊಳ್ಳುವ ಹೆಂಗಸು ದಪ್ಪ ಸ್ವೆಟರಿನ ಮೇಲೆ ಇನ್ನೊಂದು ಸ್ವೆಟರು ಹಾಕಿಕೊಂಡಿದ್ದಳು. ಹೊರಟಿದ್ದೆಲ್ಲಿಗೆ ಎಂದು ಕೇಳಿದಳು. ಮಾವ ನಕ್ಷೆ ಬಿಡಿಸಿ ತೋರಿಸಿದರು. ಅವಳು ಅದನ್ನು ನೆಂಟರ ಮನೆಯ ಹಳೇ ಮದುವೆ ಫೋಟೋ ನೋಡಿದ ಹಾಗೆ ನೋಡಿದಳು.

"ಅಲ್ಲೇನಿದೆ ಅಂತ ಹೋಗ್ತೀರಿ ಅಜ್ಜ? ಗಾಳಿ, ಕಲ್ಲು."

"ಹೊಳೆ ಇದೆ. ಮೂರು ತೊರೆ ಕೂಡುತ್ತೆ."

"ಎರಡು," ಎಂದಳು ಅವಳು. "ಒಂದಕ್ಕೆ ಮೇಲೆಲ್ಲೋ ಪೈಪು ಹಾಕಿ ಕೆಳಗಿನ ಊರಿಗೆ ತಿರುಗಿಸಿದ್ದಾರೆ. ನಾನು ಮದುವೆಯಾಗಿ ಬಂದಾಗಿಂದ ಎರಡೇ."

ಮಾವ ನಕ್ಷೆ ಮಡಿಸಿದರು. "ಇವಳಿಗೇನು ಗೊತ್ತು," ಎಂದು ಅಳಿಯನ ಕಡೆ ತಿರುಗಿ ಪಿಸುಗುಟ್ಟಿದರು. ಅವರ ಮುಖ ಸಣ್ಣದಾಗಿತ್ತು.

ಮಾರನೆಯ ಬೆಳಗ್ಗೆ ಹೊರಟರು. ಮೋಡ ಕೆಳಗಿತ್ತು, ಹುಲ್ಲು ಒದ್ದೆ. ಮಾವ ಊರುಗೋಲು ಊರಿ ಮುಂದೆ, ಅಳಿಯ ಚೀಲ ಹೊತ್ತು ಹಿಂದೆ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಅವರು ಚೀಲದಿಂದ ನಕ್ಷೆ ತೆಗೆಸಿ ನೋಡುತ್ತಿದ್ದರು. ಎರಡು ಕಡೆ ದಾರಿ ತಪ್ಪಿತು. ನಕ್ಷೆಯಲ್ಲಿಲ್ಲದ ಮಣ್ಣುರಸ್ತೆಯೊಂದು ಬೆಟ್ಟದ ಮೈಯನ್ನು ಸೀಳಿಕೊಂಡು ಹೋಗಿತ್ತು. ಮಾವ ಅದನ್ನು ನೋಡಿಯೂ ನೋಡದವರಂತೆ ದಾಟಿದರು.

ಒಂದು ಬಂಡೆಯ ಮರೆಯಲ್ಲಿ ಉಸಿರು ತೆಗೆದುಕೊಳ್ಳಲು ಕೂತಾಗ ಅಳಿಯ ಮಾತಿಗೆಂದು ಕೇಳಿದ. "ಇದನ್ನ ಓದೋದು ಹೇಗೆ ಮಾವ?"

ಅವರಿಗೆ ಆಶ್ಚರ್ಯವಾದಂತಿತ್ತು. ಅಷ್ಟು ವರ್ಷದಲ್ಲಿ ಅವನು ಇದನ್ನು ಕೇಳಿರಲಿಲ್ಲ, ಅವರು ಹೇಳಿಕೊಡಲೂ ಹೋಗಿರಲಿಲ್ಲ. "ಒಂದು ಗೆರೆ ಅಂದ್ರೆ ಒಂದು ಎತ್ತರ. ಆ ಗೆರೆ ಮೇಲೇ ನಡೆದ್ರೆ ನೀವು ಹತ್ತೋದೂ ಇಲ್ಲ, ಇಳಿಯೋದೂ ಇಲ್ಲ. ಮುಂದಿನ ಗೆರೆಗೆ ಹೋದ್ರೆ ಒಂದು ಮೆಟ್ಟಲು ಹತ್ತಿದ ಹಾಗೆ."

"ಅಂದ್ರೆ ಮಹಡಿಗಳ ಥರ."

"ಹೂಂ, ಮಹಡಿಗಳೇ," ಎಂದರು ಮಾವ. ಬಹಳ ಹೊತ್ತಿನ ಮೇಲೆ ತುಟಿ ಅರಳಿತು. "ಲಿಫ್ಟಿಲ್ಲ, ಅಷ್ಟೇ. ಗೆರೆ ದೂರದೂರ ಇದ್ರೆ ಬಯಲು, ಹತ್ತಿರ ಇದ್ರೆ ಏರು."

ಅಲ್ಲಿಂದ ಮುಂದಿನ ಏರಿನಲ್ಲೇ ಅವರು ಜಾರಿದರು. ಪಾಚಿಗಟ್ಟಿದ ಕಲ್ಲಿನ ಮೇಲೆ ಊರುಗೋಲು ಸರಿದು, ದೇಹ ಪಕ್ಕಕ್ಕೆ ವಾಲಿ, ಕೆಳಗಿನ ಇಳಿಜಾರಿನ ಕಡೆಗೆ ಹೊರಳಿತು. ಅಳಿಯ ಚೀಲ ಎಸೆದು ಅವರ ತೋಳಿಗೆ ಕೈ ಹಾಕಿದ. ತೋಳೆಂದರೆ ಕೋಟಿನ ಬಟ್ಟೆ, ಅದರೊಳಗೆ ಮೂಳೆ, ಮಾಂಸವೇ ಇರಲಿಲ್ಲ.

"ಹಿಡ್ಕೋ," ಎಂದರು ಮಾವ. "ಬಿಡಬೇಡ ನೀನು."

"ಬಿಡಲ್ಲ ಮಾವ. ಎಡಗಾಲು ಊರಿ. ನಿಧಾನ."

ಮೇಲೆ ಎಳೆದುಕೊಂಡು ಕೂರಿಸಿದ. ಇಬ್ಬರೂ ಕೆಸರಿನಲ್ಲೇ ಕೂತು ಏದುತ್ತಿದ್ದರು. ತಾನು ಏನೆಂದೆ ಎಂಬುದು ಮಾವನ ಗಮನಕ್ಕೆ ಬಂದಿರಲಿಲ್ಲ. ಅಳಿಯನಿಗೆ ಬಂದಿತ್ತು. ಇದನ್ನು ಮನೆಗೆ ಹೋಗಿ ಯಾರಿಗೆ ಹೇಳುವುದು ಎಂದು ಯೋಚನೆ ಬಂದದ್ದೇ ತಡ, ಮುಖ ಆಚೆ ತಿರುಗಿಸಿದ.

ಮಧ್ಯಾಹ್ನದ ಹೊತ್ತಿಗೆ ನೀರಿನ ಸದ್ದು ಕೇಳಿಸಿತು. ಮಾವನ ಮಂಡಿಗೆ ಎಲ್ಲಿಂದಲೋ ಜೀವ ಬಂತು. ದಿಣ್ಣೆ ದಾಟಿದರೆ ಕೆಳಗೆ ಹುಲ್ಲಿನ ಪುಟ್ಟ ಬಟ್ಟಲು, ಅದರ ನಡುವೆ ಅಗಲವಾದ ಹಾಸುಬಂಡೆ. ಎಡದಿಂದ ಒಂದು ತೊರೆ, ಎದುರಿನಿಂದ ಒಂದು. ಬಲಗಡೆ ಉರುಟು ಕಲ್ಲುಗಳ ಒಣ ಸಾಲೊಂದು ಬೆಟ್ಟದಿಂದ ಇಳಿದು ಬಂದು ನೀರಿಗೆ ಸೇರಿತ್ತು. ಮಾವ ಅದರ ಮುಂದೆ ನಿಂತರು.

"ಇದೇ ದೊಡ್ಡದಿತ್ತು," ಎಂದರು. "ಮೂರರಲ್ಲೂ ಇದೇ ದೊಡ್ಡದು." ಊರುಗೋಲಿನಿಂದ ಒಂದು ಕಲ್ಲನ್ನು ಮಗುಚಿ ನೋಡಿದರು. ಅಡಿಯಲ್ಲೂ ಒಣಗಿತ್ತು.

ಅಳಿಯ ಹಾಸುಬಂಡೆಯ ಮೇಲೆ ಹತ್ತಿದ. ಹುಡುಕಬೇಕಾಗಲೇ ಇಲ್ಲ. ಬಂಡೆಯ ನಡುವಿನ ಬಿರುಕಿನಲ್ಲಿ ಕಬ್ಬಿಣದ ಗೂಟ ಹಾಗೇ ಇತ್ತು, ತುಕ್ಕು ಹಿಡಿದು ಸುತ್ತಲಿನ ಕಲ್ಲನ್ನೂ ಕೆಂಪು ಮಾಡಿಕೊಂಡು. ಅವನು ಬಗ್ಗಿ, ಕೆಲಸದವನ ಅಭ್ಯಾಸದಿಂದ, ಅಲ್ಲಾಡಿಸಿ ನೋಡಿದ. ಜಪ್ಪಯ್ಯ ಎಂದರೂ ಕದಲಲಿಲ್ಲ. ಗೂಟದಿಂದ ನೀರಿನವರೆಗೆ ಕಣ್ಣಿನಲ್ಲೇ ಅಳೆದ. ಏಳು ವರ್ಷದ ಮಗು, ಬಗ್ಗಿ ಕೈ ಚಾಚಿದರೂ ಎಟುಕದ ದೂರ. ಅವಳ ಕಿತ್ತ ಉಗುರು ನೆನಪಾಯಿತು. ಈಗ ಹೇಳಬೇಕು ಎಂದುಕೊಂಡ. ಮಾವ ಬರಲಿ, ಇಲ್ಲೇ ನಿಲ್ಲಿಸಿ, ಈ ಗೂಟವನ್ನು ತೋರಿಸಿ.

ಮಾವ ಇನ್ನೂ ಆ ಒಣ ತೊರೆಯ ಹತ್ತಿರವೇ ಇದ್ದರು. ಕಾಯಲಾರದೆ ಅವನು ನೀರಿನ ಗುಂಟ ಮುಂದೆ ನಡೆದ. ಎರಡೂ ತೊರೆಗಳು ಕೂಡಿ, ಬಂಡೆಯ ಅಂಚಿನಲ್ಲಿ ಬಾಗಿ, ಒಂದು ಕುರುಚಲು ಪೊದೆಯ ಹಿಂದೆ ಮರೆಯಾಗುತ್ತಿದ್ದವು. ಪೊದೆ ಸರಿಸಿದವನು ಅಲ್ಲೇ ನಿಂತುಬಿಟ್ಟ. ಅಲ್ಲಿಂದ ಮುಂದೆ ನೆಲವೇ ಇರಲಿಲ್ಲ. ಕಾಲ ಬುಡದಿಂದಲೇ ಕಲ್ಲು ನೇರ ಕತ್ತರಿಸಿ ಇಳಿದಿತ್ತು. ನೀರು ಸದ್ದಿಲ್ಲದೆ ಅಂಚು ದಾಟಿ, ಎಷ್ಟೋ ಕೆಳಗೆ ಬಿಳಿ ಹೊಗೆಯಾಗುತ್ತಿತ್ತು. ಲಿಫ್ಟಿನ ಗೂಡುಗಳ ಬಾಯಲ್ಲಿ ನಿಂತು ಬಗ್ಗಿ ನೋಡುವುದೇ ಅವನ ವೃತ್ತಿ. ಅಂಥವನ ಅಂಗಾಲು ಕೂಡ ಜುಮ್ಮೆಂದಿತು. ಹಿಂದೆ ತಿರುಗಿ ನೋಡಿದ. ಗೂಟ ಕಾಣುತ್ತಿತ್ತು. ಅಲ್ಲಿ ಕೂತ ಮಗುವಿಗೆ ಈ ಪೊದೆ ಕಂಡೀತು, ಅದರಾಚೆಗಿನದು ಕಾಣದು. ನೀರು ತಿಳಿಯಾಗಿದೆ, ಆಳವಿಲ್ಲ, ಮೀನುಮರಿಗಳಿವೆ, ಆಡಲು ಬಾ ಎನ್ನುವಂತಿದೆ ಎಂದಷ್ಟೇ ಕಂಡೀತು. ಹಗ್ಗ ನೀರಿಗೆ ಎಟುಕದಷ್ಟೇ ಇದ್ದದ್ದು ಅದಕ್ಕೇ.

ಅವನು ಬಂಡೆಗೆ ಹಿಂತಿರುಗಿ ಚೀಲದಿಂದ ನಕ್ಷೆ ತೆಗೆದ. ಪೆನ್ಸಿಲಿನ ತ್ರಿಕೋನ, ಅದರ ಪಕ್ಕದ ಕಲೆ. ಕಣ್ಣಿಗೆ ಹತ್ತಿರ ಹಿಡಿದಾಗ ಅದು ಕಲೆಯಾಗಿರಲಿಲ್ಲ. ಗೆರೆಗಳು. ಒಂದರ ಮೇಲೊಂದು ಬಿದ್ದಂತೆ, ನಡುವೆ ಕೂದಲೆಳೆ ತೂರದಷ್ಟು ಒತ್ತಾಗಿ ಬರೆದ ಗೆರೆಗಳು. ಪ್ರತಿಯೊಂದನ್ನೂ ಯಾರೋ ಎತ್ತರದಲ್ಲಿ ನಿಂತು, ದುರ್ಬೀನಿನಲ್ಲಿ ಈ ಅಂಚನ್ನೇ ದಿನವಿಡೀ ನೋಡುತ್ತ, ಅಳೆದು ಗುರುತಿಸಿದ್ದರು.

ಮಾವ ಕುಂಟುತ್ತ ಬಂದು ಅವನ ಪಕ್ಕದಲ್ಲಿ ಕೂತರು. ಗೂಟ ಅವರಿಬ್ಬರ ನಡುವೆ ಇತ್ತು. ಅವರು ಅದನ್ನು ನೋಡಿದರು, ಅವನು ನೋಡಿದ್ದನ್ನೂ ನೋಡಿದರು. 

"ಡೇರೆಯ ಗೂಟ," ಎಂದರು ಮಾವ.

"ಹೂಂ."

"ಈ ಜಾಗದ ಬಗ್ಗೆ ನಿಮ್ಮ ಹತ್ರ ಅವಳು ಏನಾದ್ರೂ ಹೇಳ್ತಿದ್ದಳಾ? ನಾನು ಹೇಳಿದ್ದಲ್ಲ. ಅವಳಾಗಿ ಅವಳು."

ಗಾಳಿಗೆ ನಕ್ಷೆ ಪಟಪಟ ಎನ್ನುತ್ತಿತ್ತು. ಅಳಿಯ ಅದನ್ನು ಮಂಡಿಯ ಮೇಲೆ ಒತ್ತಿ ಹಿಡಿದ. ಬಸ್ಸಿನಿಂದ ಇಲ್ಲಿಯವರೆಗೆ ಹೊತ್ತು ತಂದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಪಕ್ಕದಲ್ಲಿ ಕೂತ ಮುದುಕರ ಕುತ್ತಿಗೆಯ ಸುಕ್ಕಿನಲ್ಲಿ ಕೆಸರು ಒಣಗಿತ್ತು. ಅವರು ಅವನ ಮುಖ ನೋಡದೆ, ಶಾಲೆಯಲ್ಲಿ ಫಲಿತಾಂಶಕ್ಕೆ ಕಾದು ನಿಂತವರ ಹಾಗೆ ತಲೆ ತಗ್ಗಿಸಿದ್ದರು.

"ಹೇಳಿದ್ದಳು ಮಾವ. ಆಸ್ಪತ್ರೆಯಲ್ಲಿ." ಅವನ ದನಿ ಅವನಿಗೇ ಅಪರಿಚಿತವಾಗಿ ಕೇಳಿಸಿತು. "ಸಂಜೆ ನೀವು ಇಳಿದು ಬರ್ತಾ ಮೇಲಿಂದ ಕೂಗು ಹಾಕ್ತಿದ್ರಂತೆ."

ಮಾವ ತಲೆಯೆತ್ತಿದರು.

"ಆ ಕೂಗು ಕೇಳಿಸಿದ್ರೆ ಸಾಕು, ಹಸಿವು ಗಿಸಿವು ಎಲ್ಲ ಮರೆತು ಹೋಗೋದು ಅಂದಳು."

"ಅದು ನೆನಪಿತ್ತಾ ಅವಳಿಗೆ?"

"ಇತ್ತು."

ಮಾವ ಎದುರಿನ ದಿಣ್ಣೆಯನ್ನು ಬಹಳ ಹೊತ್ತು ನೋಡಿದರು. "ಆ ಬಂಡೆ ಕಾಣುತ್ತಲ್ಲ, ಅಲ್ಲಿಂದ ಕೂಗ್ತಿದ್ದೆ," ಎಂದರು. "ಎದ್ದು ನಿಂತು ಎರಡೂ ಕೈ ಬೀಸೋಳು. ಇಷ್ಟೇ ಇಷ್ಟು ಕಾಣೋಳು." ಬೆರಳ ತುದಿಯಲ್ಲಿ ಅಳತೆ ತೋರಿಸಿದರು. ಆ ಬೆರಳು ಹಾಗೇ ಗಾಳಿಯಲ್ಲಿ ನಿಂತಿತು. "ಮೊದಲು ಅವಳು ಇದ್ದಾಳಾ ಅಂತ ನೋಡ್ತಿದ್ದೆ. ಕಂಡ ಮೇಲೆ ಕೂಗ್ತಿದ್ದೆ."

ಅಳಿಯ ನಕ್ಷೆಯನ್ನು ಸುತ್ತಿ ಚೀಲದೊಳಗಿಟ್ಟ.

"ಹೆದರಿಕೆ ಆಗ್ತಿತ್ತು ಅಂತ ಹೇಳಲಿಲ್ವಾ?"

ಅಳಿಯ ನೀರನ್ನು ನೋಡಿದ. ಒಂದು ಒಣಹುಲ್ಲಿನ ಎಸಳು ತೇಲಿ ಬಂದು, ಸುಳಿಯಲ್ಲಿ ಒಂದು ಸುತ್ತು ತಿರುಗಿ, ಪೊದೆಯ ಕಡೆಗೆ ಹೋಯಿತು.

"ಮಕ್ಕಳು ಹೆದರದೆ ಇರ್ತಾರಾ ಮಾವ," ಎಂದ. "ನೀವು ಬರ್ತಿದ್ರಲ್ಲ."

ಮಾವನ ಭುಜ ಅಲುಗಿತು. ಸದ್ದಾಗಲಿಲ್ಲ, ಆಗಿದ್ದರೂ ನೀರು ಅದನ್ನು ನುಂಗಿರಬೇಕು. ಅವರು ಎರಡೂ ಅಂಗೈಯನ್ನು ಬಂಡೆಯ ಮೇಲೆ ಊರಿ, ಹಾಗೆ ಊರದಿದ್ದರೆ ಎಲ್ಲಿ ಜಾರಿಬಿಡುತ್ತೇನೋ ಎನ್ನುವಂತೆ ಕೂತಿದ್ದರು. ಅಳಿಯ ಅವರನ್ನು ಮುಟ್ಟಲಿಲ್ಲ. ಸಮಾಧಾನ ಹೇಳುವ ಮಾತು ಅವನಿಗೆ ಮೊದಲಿಂದಲೂ ಬಾರದು. ಅವಳಾದರೆ ಏನಾದರೂ ಹೇಳಿ ಇಬ್ಬರನ್ನೂ ನಗಿಸಿಬಿಡುತ್ತಿದ್ದಳು. ಅವಳಿಲ್ಲ ಎಂಬುದು, ಆಸ್ಪತ್ರೆಯಲ್ಲೂ ಅಂಗಳದಲ್ಲೂ ಖಾಲಿ ಮನೆಯಲ್ಲೂ ಇಷ್ಟು ಗಟ್ಟಿಯಾಗಿ ತಿಳಿದಿರಲಿಲ್ಲ. ಅವನ ಕಣ್ಣಿನಿಂದಲೂ ನೀರು ಇಳಿಯತೊಡಗಿತು. ಒರೆಸಿಕೊಳ್ಳಲು ಹೋಗಲಿಲ್ಲ. ಒಬ್ಬಳನ್ನೇ ಕಳೆದುಕೊಂಡ ಇಬ್ಬರು ಗಂಡಸರು ಒಂದು ಬಂಡೆಯ ಮೇಲೆ ಬೇರೆ ಬೇರೆ ಕಡೆ ಮುಖ ಮಾಡಿ ಕೂತಿದ್ದರು.

ಮೋಡ ಇಳಿಯುವ ಮುಂಚೆ ಹೊರಡಬೇಕಿತ್ತು. ಇಳಿಯುವಾಗ ದಾರಿಯಲ್ಲಿ ಒಂದು ಕಡೆ ತೊರೆ ದಾಟಬೇಕಾಗಿ ಬಂತು. ಮೇಲೆಲ್ಲೋ ಮಳೆಯಾಗಿರಬೇಕು, ಬೆಳಗ್ಗೆ ಪಾದ ಮುಳುಗುವಷ್ಟಿದ್ದ ನೀರು ಈಗ ಮೊಣಕಾಲಿಗೆ ಏರಿತ್ತು. ಅಳಿಯ ಮಾವನನ್ನು ಬೆನ್ನಿಗೆ ಹಾಕಿಕೊಂಡ. ಅವರು ಬೇಡ ಎನ್ನಲಿಲ್ಲ. "ಭಾರ ಆಯ್ತಾ?" ಎಂದು ಕಿವಿಯ ಹತ್ತಿರ ಒಮ್ಮೆ ಕೇಳಿದರು. "ಕೂತ್ಕೊಳ್ಳಿ ಸುಮ್ನೆ," ಎಂದ ಅವನು. 

ಅಲ್ಲಿನ ಹೆಂಗಸು ಇಬ್ಬರ ಅವತಾರವನ್ನು ನೋಡಿ ಏನೂ ಕೇಳದೆ ಬಿಸಿನೀರು ಕಾಯಿಸಿ ಕೊಟ್ಟಳು. "ಎಷ್ಟಿತ್ತು ಅಜ್ಜ?" ಎಂದು ಊಟಕ್ಕೆ ಬಡಿಸುವಾಗ ಮಾತ್ರ ವಿಚಾರಿಸಿದಳು.

"ಎರಡು," ಎಂದರು ಮಾವ. "ನೀನು ಹೇಳಿದ್ದೇ ಸರಿ, ತಾಯಿ."

ಅನ್ನ ಕಲಸಿ ಎರಡು ತುತ್ತು ತಿಂದು, ಹೊಟ್ಟೆ ತುಂಬಿತೆಂದು ಎದ್ದು ಹೋಗಿ ಕಂಬಳಿ ಹೊದ್ದು ಗೋಡೆಗೆ ಮುಖ ಮಾಡಿ ಮಲಗಿದರು. ಅಳಿಯನೂ ಮಲಗಿದ್ದೊಂದೇ ನೆನಪು.

ಎಚ್ಚರವಾದಾಗ ಬೆಳಕು ಹರಿದಿತ್ತು. ಪಕ್ಕದ ಹಾಸಿಗೆ ಖಾಲಿ, ಕಂಬಳಿ ನೀಟಾಗಿ ಮಡಿಸಿತ್ತು. ಗಾಬರಿಯಿಂದ ಎದ್ದು ಕಿಟಕಿಯ ಪರದೆ ಸರಿಸಿದ. ಮಾವ ಹೊರಗಿನ ಮೆಟ್ಟಿಲ ಮೇಲೆ ಪಕ್ಕಕ್ಕೆ ತಿರುಗಿ ಕೂತಿದ್ದರು. ತಮ್ಮ ಬೂಟನ್ನು ಅವರು ಆಗಲೇ ಹಾಕಿಕೊಂಡಿದ್ದರು, ಕೆಸರು ಮೆತ್ತಿಕೊಂಡಿದ್ದು ಹಾಗೇ. ಅವರ ಮಡಿಲಲ್ಲಿ ಅಳಿಯನ ಬೂಟು. ಒಂದು ಕಡ್ಡಿ ಹಿಡಿದು, ಅಟ್ಟೆಯ ಸಂದು ಸಂದಿನಿಂದ ಒಣಗಿದ ಕೆಸರನ್ನು ಕೆರೆದು ತೆಗೆಯುತ್ತಿದ್ದರು. ಕಡ್ಡಿ ಜಾರುತ್ತಿತ್ತು. ಮತ್ತೆ ಅದೇ ಸಂದಿಗೆ ಇಡುತ್ತಿದ್ದರು. ಒಂದು ಮುಗಿದ ಮೇಲೆ ಉಫ್ ಎಂದು ಊದಿ, ಅಂಗಿಯ ತುದಿಯಿಂದ ಒರೆಸಿ, ಬಿಸಿಲು ಬೀಳುವಲ್ಲಿ ಇಟ್ಟು, ಇನ್ನೊಂದನ್ನು ಎತ್ತಿಕೊಂಡರು.

ಅಳಿಯ ಪರದೆಯನ್ನು ಸದ್ದಾಗದಂತೆ ಮುಚ್ಚಿದ. ಹಾಸಿಗೆಗೆ ಹಿಂತಿರುಗಿ, ಕಂಬಳಿಯನ್ನು ಕುತ್ತಿಗೆಯವರೆಗೆ ಎಳೆದುಕೊಂಡು, ಇನ್ನೂ ಎದ್ದಿಲ್ಲದವನ ಹಾಗೆ ಕಣ್ಣು ಮುಚ್ಚಿ ಮಲಗಿದ.